ಕಲಿಯುವ ಗುರು, ಬೆಳೆಯುವ ಶಿಷ್ಯೆ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ಮರುದಿನ ‘ಬಾಲಕಿಯರದೇ ಮೇಲುಗೈ’ ಎಂಬ ತಲೆಬರಹವನ್ನು ನಾವು ವರ್ಷ ವರ್ಷವೂ ಓದುತ್ತೇವೆ. 2024ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ನಮ್ಮ ರಾಜ್ಯದ ಬಾಲಕಿಯರಲ್ಲಿ ಶೇ. 81.11ರಷ್ಟು ಮಂದಿ ತೇರ್ಗಡೆ ಹೊಂದಿದರೆ, ಬಾಲಕರಲ್ಲಿ ತೇರ್ಗಡೆಯಾದವರು ಶೇ. 65.90ರಷ್ಟು. 2025ರಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 74 ಮತ್ತು ಶೇ. 58.07 ಆಗಿತ್ತು. 2024ರಲ್ಲಿ 625ಕ್ಕೆ 625 ಅಂಕಗಳನ್ನು ಪಡೆದು ರಾಜ್ಯಕ್ಕೆ ಪ್ರಥಮಳಾದವಳು ಬಾಗಲಕೋಟೆ ಜಿಲ್ಲೆಯ ಸರ್ಕಾರಿ ವಸತಿ ಶಾಲೆಯೊಂದರಲ್ಲಿ ಓದಿದ ರೈತನ ಮಗಳು. ಇವು ಯಾವ ತಂದೆತಾಯಿಗಳಿಗಾದರೂ ಹೆಮ್ಮೆ ತರುವ ಸಂಗತಿಗಳು.

ಆದರೆ ಇದೇ ಅಂಕಿಗಳನ್ನು ಇನ್ನೊಂದು ಬದಿಯಿಂದಲೂ ನೋಡಬೇಕಾಗಿದೆ. 2025ರ ಮೊದಲ ಪರೀಕ್ಷೆಯಲ್ಲಿ ನಾಲ್ವರು ಬಾಲಕಿಯರಲ್ಲಿ ಒಬ್ಬಳು ತೇರ್ಗಡೆಯಾಗಲಿಲ್ಲ. ಅನುತ್ತೀರ್ಣನಾದ ಮಗನನ್ನು ನಾವು ಗದರಿಸುತ್ತೇವೆ, ಪಾಠಕ್ಕೆ ಹಚ್ಚುತ್ತೇವೆ, ಮತ್ತೆ ಪರೀಕ್ಷೆಗೆ ಕೂರಿಸುತ್ತೇವೆ. ಅನುತ್ತೀರ್ಣಳಾದ ಮಗಳ ವಿಷಯದಲ್ಲಿ ಎಷ್ಟೋ ಮನೆಗಳ ತೀರ್ಮಾನವೇ ಬೇರೆ. ‘ಓದಿದ್ದು ಸಾಕು’ ಎಂಬ ಒಂದು ಮಾತಿನೊಡನೆ ಅವಳ ಪುಸ್ತಕಗಳು ಅಟ್ಟವನ್ನೇರುತ್ತವೆ, ವರಾನ್ವೇಷಣೆ ಮೊದಲಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುವುದರಿಂದ, ಒಂಬತ್ತು ಮತ್ತು ಹತ್ತನೆಯ ತರಗತಿಗಳು ಬಹುಮಟ್ಟಿಗೆ ಅದರ ಆಸರೆಯ ಹೊರಗೇ ಉಳಿದಿವೆ. ಮಗಳ ಓದು ನಿಂತುಹೋಗುವ ಭಯ ಹೆಚ್ಚಾಗಿರುವುದೂ ಈ ಎರಡು ವರ್ಷಗಳಲ್ಲಿಯೇ.

ಆದ್ದರಿಂದ ಹೆಣ್ಣುಮಕ್ಕಳ ಪ್ರೌಢಶಾಲೆಯ ಶಿಕ್ಷಕರ ಹೊಣೆ ಸಾಮಾನ್ಯವಾದುದಲ್ಲ. ಅಲ್ಲಿ ಗಣಿತದ ಒಂದು ಅಧ್ಯಾಯ ಅರ್ಥವಾಗದೆ ಉಳಿದರೆ ಒಬ್ಬ ಹುಡುಗಿಯ ಬಾಳಿನ ದಾರಿಯೇ ಬದಲಾದೀತು. ಇಂತಹ ಹೊಣೆಯನ್ನು ಹೊತ್ತವರು ಬಿ.ಎಡ್. ಪದವಿ ಪಡೆದ ದಿನ ತಾವು ಕಲಿತಿದ್ದಷ್ಟನ್ನೇ ನಿವೃತ್ತಿಯವರೆಗೆ ಹಂಚುತ್ತಾ ಹೋದರೆ ಸಾಲದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ತಮ್ಮ ವೃತ್ತಿ ಬೆಳವಣಿಗೆಗೆ ಮೀಸಲಿಡಬೇಕೆಂದು ಸೂಚಿಸಿತು. ಆ ನೀತಿಯ ಇತರ ಅಂಶಗಳ ಬಗ್ಗೆ ಭಿನ್ನಾಭಿಪ್ರಾಯಗಳು ಏನೇ ಇರಲಿ, ಈ ಸೂಚನೆಯ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ಜಿಲ್ಲಾ ಕೇಂದ್ರದಲ್ಲಿ ಎರಡು ದಿನ ಕುಳಿತು, ಹಾಜರಿ ಪತ್ರಕ್ಕೆ ಸಹಿ ಹಾಕಿ ಬರುವುದರಿಂದ ಮಾತ್ರ ತರಬೇತಿಯ ಉದ್ದೇಶ ಈಡೇರುವುದಿಲ್ಲ. ಶಿಕ್ಷಕರ ನಿಜವಾದ ಕಲಿಕೆ ನಡೆಯಬೇಕಾದುದು ಅವರ ಶಾಲೆಯಲ್ಲಿಯೇ, ಅವರ ವಿದ್ಯಾರ್ಥಿನಿಯರ ಉತ್ತರ ಪತ್ರಿಕೆಗಳ ಎದುರಿನಲ್ಲಿಯೇ.

ಇದು ಹೇಗೆ ಸಾಧ್ಯವೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಗಣಿತದ ಶಿಕ್ಷಕರು ಅಂಕಗಳನ್ನು ಕೂಡಿಸಿ ಪತ್ರಿಕೆಗಳನ್ನು ಕಟ್ಟಿಡುವ ಬದಲು, ತಪ್ಪುಗಳನ್ನು ಬಗೆಬಗೆಯಾಗಿ ವಿಂಗಡಿಸಿ ನೋಡಲಿ. ವರ್ಗಸಮೀಕರಣದ ಲೆಕ್ಕ ತಪ್ಪಿದ ಹತ್ತು ಹುಡುಗಿಯರಲ್ಲಿ ಕೆಲವರಿಗೆ ಸೂತ್ರವೇ ಗೊತ್ತಿರುವುದಿಲ್ಲ. ಕೆಲವರಿಗೆ ಸೂತ್ರ ಬಾಯಿಪಾಠವಾಗಿರುತ್ತದೆ, ಆದರೆ ಋಣ ಸಂಖ್ಯೆಗಳನ್ನು ಗುಣಿಸುವಾಗ ಚಿಹ್ನೆ ತಪ್ಪುತ್ತದೆ. ಇನ್ನು ಕೆಲವರಿಗೆ ಪ್ರಶ್ನೆಯ ಭಾಷೆಯೇ ತಿಳಿದಿರುವುದಿಲ್ಲ. ಈ ಮೂವರಿಗೂ ಅದೇ ಪಾಠವನ್ನು ಮತ್ತೊಮ್ಮೆ ಒಪ್ಪಿಸಿದರೆ ಫಲವೇನು? ಎರಡನೆಯ ಗುಂಪಿನವರಿಗೆ ಬೇಕಾಗಿರುವುದು ಕೆಳಗಿನ ತರಗತಿಯಲ್ಲಿ ಬಿಟ್ಟುಹೋದ ಒಂದು ಪಾಠ. ಮೂರನೆಯ ಗುಂಪಿನವರಿಗೆ ಗಣಿತದ ಶಿಕ್ಷಕರೊಡನೆ ಕನ್ನಡದ ಶಿಕ್ಷಕರೂ ನೆರವಾಗಬೇಕು. ಹೀಗೆ ತಿಂಗಳಿಗೊಮ್ಮೆಯಾದರೂ ಎಲ್ಲ ಶಿಕ್ಷಕರು ಒಂದೆಡೆ ಕುಳಿತು ಚರ್ಚಿಸುವುದು, ಒಬ್ಬರ ಪಾಠವನ್ನು ಮತ್ತೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವುದು, ಇವಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಮುಖ್ಯೋಪಾಧ್ಯಾಯಿನಿಯ ಸಂಕಲ್ಪ ಬೇಕು, ಆಡಳಿತ ಮಂಡಳಿಯ ಬೆಂಬಲ ಬೇಕು.

ಹೆಣ್ಣುಮಕ್ಕಳದೇ ಶಾಲೆಯಲ್ಲಿ ಮತ್ತೊಂದು ಅನುಕೂಲವುಂಟು. ಪ್ರಯೋಗಾಲಯದಲ್ಲಿ ವಿದ್ಯುತ್ ಮಂಡಲವನ್ನು ಜೋಡಿಸುವವಳೂ ಹುಡುಗಿಯೇ, ಚರ್ಚಾಸ್ಪರ್ಧೆಯಲ್ಲಿ ಎದ್ದು ನಿಲ್ಲುವವಳೂ ಹುಡುಗಿಯೇ. ಆದರೆ ಉಪಕರಣಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು ಕುಳಿತಿದ್ದರೆ ಈ ಅನುಕೂಲ ವ್ಯರ್ಥವಾಗುತ್ತದೆ. ಹಾಗೆಯೇ, ಕನ್ನಡ ಮಾಧ್ಯಮದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಕಲಿತವಳಿಗೆ ಪಿ.ಯು. ವಿಜ್ಞಾನ ತರಗತಿಯಲ್ಲಿ ಅದೇ ವಿಷಯ ‘ಫೋಟೋಸಿಂಥೆಸಿಸ್’ ಎಂಬ ಹೆಸರಿನಲ್ಲಿ ಎದುರಾಗುತ್ತದೆ. ಪ್ರೌಢಶಾಲೆಯಲ್ಲಿಯೇ ಎರಡೂ ಪದಗಳನ್ನು ಪರಿಚಯಿಸಿದರೆ, ಒಳ್ಳೆಯ ಅಂಕ ಪಡೆದ ಹುಡುಗಿ ಮುಂದಿನ ವರ್ಷ ಹಿಂಜರಿದು ವಿಜ್ಞಾನವನ್ನು ಕೈಬಿಡುವ ಪ್ರಸಂಗ ತಪ್ಪುತ್ತದೆ.

ಅಧ್ಯಾಪಕರ ಅಧ್ಯಯನಶೀಲತೆಗೆ ನಮ್ಮ ಸಮಾಜದಲ್ಲಿ ಉಜ್ವಲ ಪರಂಪರೆಯೇ ಇದೆ. 1916ರಲ್ಲಿ ಬೆಳಗಾವಿಯಲ್ಲಿ ಒಂದು ಶಾಲೆಯಿಂದ ಆರಂಭವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಸ್ಥಾಪಕರಾದ ‘ಸಪ್ತರ್ಷಿ’ಗಳು ಅಧ್ಯಾಪಕರೇ ಆಗಿದ್ದರು. ಅವರಲ್ಲಿ ಶಿ. ಶಿ. ಬಸವನಾಳರು ವಚನಗಳ ಸಂಪಾದನೆಯಲ್ಲಿ ತೊಡಗಿದರೆ, ಎಂ. ಆರ್. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವಗಳನ್ನು ಕುರಿತು ಇಂಗ್ಲಿಷಿನಲ್ಲಿ ಬೃಹದ್ಗ್ರಂಥವನ್ನೇ ರಚಿಸಿದರು. ಶಾಲೆ ಕಟ್ಟುವ ದುಡಿಮೆಯ ನಡುವೆಯೂ ಅವರು ತಮ್ಮ ಓದನ್ನು ನಿಲ್ಲಿಸಲಿಲ್ಲ. ನಮ್ಮ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳು ಹೊಸ ಕಟ್ಟಡದ ಉದ್ಘಾಟನೆಗೆ ತೋರುವ ಉತ್ಸಾಹದ ಒಂದು ಪಾಲನ್ನು ಶಿಕ್ಷಕರ ಗ್ರಂಥಾಲಯಕ್ಕೂ ತೋರುವುದು ಯೋಗ್ಯ.

ಇನ್ನು ಮನೆಯ ಮಾತು. ಶಾಲೆ ಎಷ್ಟೇ ಉತ್ತಮವಾಗಿರಲಿ, ಸಂಜೆ ಮನೆಗೆ ಬಂದ ಮಗಳಿಗೆ ನೀರು ತರುವುದು, ಪಾತ್ರೆ ತೊಳೆಯುವುದು, ತಮ್ಮಂದಿರನ್ನು ನೋಡಿಕೊಳ್ಳುವುದು ಇಷ್ಟರಲ್ಲೇ ರಾತ್ರಿಯಾದರೆ ಅವಳು ಓದುವುದು ಯಾವಾಗ? ಮನೆಗೆಲಸ ಕಲಿಯುವುದು ತಪ್ಪಲ್ಲ, ಅದನ್ನು ಮಗನೂ ಹಂಚಿಕೊಳ್ಳಲಿ. ದಿನಕ್ಕೆ ಎರಡು ಗಂಟೆಗಳ ಕಾಲ ಯಾರೂ ಅವಳನ್ನು ಕೂಗಿ ಎಬ್ಬಿಸದಂತೆ ತಾಯಂದಿರು ನೋಡಿಕೊಳ್ಳಲಿ. ಪಾಲಕರ ಸಭೆಗೆ ತಂದೆಯೂ ಹೋಗಲಿ. ‘ಎಷ್ಟು ಅಂಕ ಬಂತು?’ ಎಂಬುದರ ಜೊತೆಗೆ ‘ಯಾವುದು ತಿಳಿಯಲಿಲ್ಲ?’ ಎಂದೂ ಕೇಳಲಿ.

ಒಂದು ವೇಳೆ ಮಗಳು ಮೊದಲ ಯತ್ನದಲ್ಲಿ ಸೋತರೆ ಎದೆಗುಂದಬೇಕಾಗಿಲ್ಲ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಫಲಿತಾಂಶ ಬಂದ ವಾರದೊಳಗೇ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಂಡು, ವಿಷಯ ಶಿಕ್ಷಕರ ನೆರವನ್ನು ಕೇಳುವುದು ಒಳಿತು. ಹದಿನೆಂಟು ತುಂಬದ ಮಗಳ ಮದುವೆ ಕರ್ನಾಟಕದಲ್ಲಿ 2016ರ ತಿದ್ದುಪಡಿಯ ಪ್ರಕಾರ ಮೂಲತಃ ಅಸಿಂಧು ಎಂಬುದನ್ನೂ ಹಿರಿಯರು ಮರೆಯಬಾರದು.

ಈ ಬಾರಿಯ ಫಲಿತಾಂಶ ಬಂದಾಗ ಪ್ರಥಮಳಾದವಳಿಗೆ ನಾವೆಲ್ಲರೂ ಸೇರಿ ಸನ್ಮಾನ ಮಾಡೋಣ. ಅದೇ ವಾರ, ನಮ್ಮ ಓಣಿಯಲ್ಲಿ ಅನುತ್ತೀರ್ಣಳಾದ ಹೆಣ್ಣುಮಗಳ ಮನೆಗೂ ಹೋಗಿ, ಅವಳ ಪುಸ್ತಕಗಳು ಅಟ್ಟವನ್ನೇರುವ ಮೊದಲೇ ಅವಳ ತಂದೆತಾಯಿಗಳೊಡನೆ ನಾಲ್ಕು ಮಾತು ಆಡಿ ಬರೋಣ.