ಟೇಪಿನಲ್ಲಿ ಉಳಿದಿರುವ ಕಂಠ

ಕೊಡಗಿನ ಅನೇಕ ಮನೆಗಳ ಕಪಾಟುಗಳಲ್ಲಿ 1980 ಮತ್ತು 90ರ ದಶಕಗಳ ವಿಡಿಯೋ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯುತ್ತಿವೆ. ಮದುವೆಯ ನೆನಪಿಗೆಂದು ತೆಗೆಸಿದ ಇವುಗಳಲ್ಲಿ ದುಡಿ ಹಿಡಿದು ಬಾಳೋ ಪಾಟ್ ಹಾಡಿದ ಹಿರಿಯರ ಕಂಠವಿದೆ. ಆ ಹಿರಿಯರಲ್ಲಿ ಹಲವರು ಈಗಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸಿ ಹಾಡುಗಳ ಮಾತನ್ನು ಉಳಿಸಿಕೊಟ್ಟರು. ಧಾಟಿಯನ್ನೂ ದುಡಿಯ ಪೆಟ್ಟನ್ನೂ ಅಚ್ಚಿನ ಪುಟವು ಹಿಡಿಯಲಾರದು, ಟೇಪು ಹಿಡಿದಿದೆ.

ಆದರೆ ಟೇಪಿಗೆ ತೇವವೇ ಶತ್ರು. ಕಾಂತಕಣಗಳನ್ನು ಹಿಡಿದಿರುವ ಅಂಟು ತೇವವನ್ನು ಹೀರಿ ಸಡಿಲಾಗುತ್ತದೆ. ಮಳೆಗಾಲದ ಕೊಡಗಿನಲ್ಲಿ ಇದರ ಫಲವೇನೆಂದು ವಾಚಕರಿಗೆ ವಿವರಿಸಬೇಕಾಗಿಲ್ಲ. ಯಂತ್ರಗಳೂ ವಿರಳವಾಗುತ್ತಿವೆ, ಕೊನೆಯ ತಯಾರಕರೆನಿಸಿದ್ದ ಜಪಾನಿನ ಫುನಾಯ್ ಕಂಪೆನಿಯವರು 2016ರಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿದರು.

ಬೂಷ್ಟು ಹಿಡಿದ ಟೇಪನ್ನು ಶುದ್ಧಿಮಾಡದೆ ಯಂತ್ರಕ್ಕೆ ಹಾಕಕೂಡದು. ಆ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುವುದು. ಡಿಸ್ಕಿಗೆ ಇಳಿಸಿದೊಡನೆ ನಿಶ್ಚಿಂತರಾಗುವಂತೆಯೂ ಇಲ್ಲ. ಬರೆದ ಡಿಸ್ಕಿನೊಳಗಿನ ಬಣ್ಣದ ಪದರವೂ ಕಾಲಕ್ರಮದಲ್ಲಿ ಕೆಡತಕ್ಕುದೇ. ಎರಡು ಪ್ರತಿಗಳನ್ನು ಬೇರೆ ಬೇರೆ ಊರುಗಳಲ್ಲಿಡುವುದು ಉಚಿತ. 2018ರ ಭೂಕುಸಿತದಲ್ಲಿ ಮನೆಗಳೇ ಕೊಚ್ಚಿಹೋದುದನ್ನು ಕಂಡವರಿಗೆ ಇದರ ಕಾರಣವನ್ನು ಹೇಳಬೇಕಿಲ್ಲ.

ಈ ವೆಚ್ಚವನ್ನು ಎಲ್ಲ ಮನೆಯವರೂ ಹೊರಲಾರರು. ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿಯವರು ಸುಸ್ಥಿತಿಯ ಒಂದೆರಡು ಯಂತ್ರಗಳನ್ನೂ ಕೆಲಸ ಬಲ್ಲವನೊಬ್ಬನನ್ನೂ ಒದಗಿಸಿ, ಮನೆಯವರ ಒಪ್ಪಿಗೆ ಪಡೆದು, ಹಾಡಿನ ಭಾಗದ ಪ್ರತಿಯನ್ನು ತಮ್ಮಲ್ಲಿ ಕಾಪಾಡಬೇಕೆಂಬುದು ನಮ್ಮ ಆಗ್ರಹ. ಕ್ಯಾಸೆಟ್ಟಿನ ಮೇಲೆ 'ಮದುವೆ' ಎಂದಷ್ಟು ಬರೆದಿದ್ದರೆ ಅದೇ ಹೆಚ್ಚು. ಹಾಡಿದವರ ಹೆಸರು, ಒಕ್ಕ, ಊರುಗಳನ್ನು ಗುರುತಿಸಬಲ್ಲ ವೃದ್ಧರು ಇರುವಾಗಲೇ ಅವರನ್ನು ಕೂರಿಸಿ ಕೇಳಿ ಬರೆದುಕೊಳ್ಳತಕ್ಕದ್ದು.