ಡಬ್ಬದ ಮೇಲೆ ಇಲ್ಲದ ಆ ಒಂದು ಸಂಖ್ಯೆ

ಕಳೆದ ಮಳೆಗಾಲದಲ್ಲಿ ಪುಣೆಯ ಭೋಸರಿಯ ಒಂದು ಗ್ಯಾರೇಜಿನಲ್ಲಿ ನನ್ನ ಕಾರಿನ ಇಂಜಿನ್ ಬಿಚ್ಚಿಕೊಂಡು ನಿಂತಿತ್ತು. ಟರ್ಬೊ ಪೆಟ್ರೋಲ್ ಸೆಡಾನ್, 74,000 ಕಿ.ಮೀ. ಓಡಿದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು, ಘಾಟಿಯಲ್ಲಿ ಮೊದಲಿನ ಎಳೆತ ಇರಲಿಲ್ಲ. ಇಂಟೇಕ್ ಮ್ಯಾನಿಫೋಲ್ಡ್ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ವಾಲ್ವಿನ ಬೆನ್ನೇ ಕಾಣುತ್ತಿರಲಿಲ್ಲ. ಸೀದ ಬಾಂಡಲೆಯ ಅಂಚಿನ ಹಾಗೆ ಕರ್ರಗಿನ ಹೆಕ್ಕಳಿಕೆ ಕೂತಿತ್ತು.

ನನಗೆ ಸಿಟ್ಟು ಬಂತು. ಏಳು ವರ್ಷ ಈ ಕಾರಿಗೆ ಅಂಗಡಿಯಲ್ಲಿ ಸಿಗುವ ಅತಿ ದುಬಾರಿ ಎಣ್ಣೆಯನ್ನೇ ಹಾಕಿದ್ದೆ. ಡಬ್ಬಕ್ಕೆ ₹6,500. ಮೇಲೆ ‘ರೇಸಿಂಗ್’ ಎಂದಿತ್ತು, ‘ಫುಲ್ಲಿ ಸಿಂಥೆಟಿಕ್’ ಎಂದಿತ್ತು, ‘ಇಂಜಿನ್ನನ್ನು ಸ್ವಚ್ಛವಾಗಿಡುತ್ತದೆ’ ಎಂದೂ ಇತ್ತು. ಸಾಲದ್ದಕ್ಕೆ ಸರ್ವಿಸ್ ಸೆಂಟರಿನವರ ಮಾತು ಕೇಳಿ ಎರಡು ಸಲ ₹4,000 ಕೊಟ್ಟು ‘ಡಿಕಾರ್ಬನೈಸಿಂಗ್’ ಬೇರೆ ಮಾಡಿಸಿದ್ದೆ.

ಗ್ಯಾರೇಜಿನ ಮೇಸ್ತ್ರಿ ನಿಪ್ಪಾಣಿ ಕಡೆಯವರು. ನನ್ನ ಪುರಾಣವನ್ನೆಲ್ಲ ಕೇಳಿಸಿಕೊಂಡು, ಕೈ ಒರೆಸಿಕೊಳ್ಳುತ್ತ ಅಂದರು: “ಸರ, ದುಬಾರಿ ಎಣ್ಣಿ ಹಾಕೀರಿ, ಖರೆ ಐತಿ. ಆದ್ರ ಈ ವಾಲ್ವಿನ ಬೆನ್ನಿಗೆ ಎಣ್ಣಿ ಮುಟ್ಟೂದ ಇಲ್ಲಲ್ರಿ. ಎಣ್ಣಿ ಹೊಗಿ ಅಷ್ಟ ಮುಟ್ಟತೈತಿ. ಹೊಗಿಗೆ ತೊಳ್ಯಾಕ ಬರತೈತೇನ್ರಿ?”

ಈ ಒಂದು ಮಾತನ್ನು ಏಳು ವರ್ಷದಲ್ಲಿ ಯಾವ ಜಾಹೀರಾತೂ, ಯಾವ ಸರ್ವಿಸ್ ಅಡ್ವೈಸರೂ ನನಗೆ ಹೇಳಿರಲಿಲ್ಲ. ಈ ಲೇಖನ ಅದರ ಬಗ್ಗೆ.

ಹಳೆಯ ಪೆಟ್ರೋಲ್ ಇಂಜಿನ್ನಿನಲ್ಲಿ ಪೆಟ್ರೋಲು ಇಂಟೇಕ್ ವಾಲ್ವಿನ ಬೆನ್ನ ಮೇಲೆ ಚಿಮ್ಮಿ ಒಳಗೆ ಹೋಗುತ್ತಿತ್ತು. ಪ್ರತಿ ಸುತ್ತಿನಲ್ಲೂ ವಾಲ್ವಿಗೆ ಪುಕ್ಕಟೆ ಸ್ನಾನ. ಈಗಿನ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನಿನಲ್ಲಿ, ಅಂದರೆ ಬೆನ್ನಿಗೆ ಟಿಎಸ್‌ಐ, ಟರ್ಬೊ ಜಿಡಿಐ ಎಂದು ಬರೆದುಕೊಂಡ ಬಹುತೇಕ ಎಲ್ಲ ಕಾರುಗಳಲ್ಲಿ, ಪೆಟ್ರೋಲು ನೇರ ಸಿಲಿಂಡರಿಗೆ ಬೀಳುತ್ತದೆ. ಶಕ್ತಿ ಹೆಚ್ಚು, ಮೈಲೇಜೂ ಉತ್ತಮ. ಆದರೆ ವಾಲ್ವಿನ ಸ್ನಾನ ನಿಂತುಹೋಯಿತು.

ಇನ್ನೊಂದು ಕಡೆಯಿಂದ ಕೊಳೆ ಬರುವುದು ಮಾತ್ರ ನಿಲ್ಲಲಿಲ್ಲ. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದ ಅನಿಲವನ್ನು ಗಾಳಿಗೆ ಬಿಡುವ ಹಾಗಿಲ್ಲ. ಪಿಸಿವಿ ವ್ಯವಸ್ಥೆ ಅದನ್ನು ಮತ್ತೆ ಇಂಜಿನ್ನಿಗೇ ಕುಡಿಸುತ್ತದೆ. ಆ ಅನಿಲದ ಜೊತೆ ಬಿಸಿ ಎಣ್ಣೆಯ ಆವಿ, ತುಂತುರು ಎರಡೂ ಬರುತ್ತವೆ. ಒಲೆಯ ಮೇಲಿನ ಗೋಡೆಗೆ ಒಗ್ಗರಣೆಯ ಜಿಡ್ಡು ಅಂಟುವುದನ್ನು ನೋಡಿದ್ದೀರಲ್ಲ, ಅದೇ ಕಥೆ. ಗೋಡೆಯ ಬದಲು ಕಾದ ವಾಲ್ವು, ಅಷ್ಟೆ. ಅಂಟಿದ ಜಿಡ್ಡು ಬೆಂದು ಗಟ್ಟಿಯಾಗಿ ಕಾರ್ಬನ್ ಆಗುತ್ತದೆ.

ಅಂದರೆ ಎಣ್ಣೆ ಆರಿಸುವಾಗ ನಾವು ಕೇಳಬೇಕಾದ ಪ್ರಶ್ನೆ ‘ಇದು ಎಷ್ಟು ತೊಳೆಯುತ್ತದೆ’ ಎಂದಲ್ಲ, ‘ಇದು ಎಷ್ಟು ಆವಿಯಾಗುತ್ತದೆ’ ಎಂದು.

ಈ ಪ್ರಶ್ನೆಗೆ ಉತ್ತರ ಇದೆ. ಅದಕ್ಕೊಂದು ಪರೀಕ್ಷೆಯೂ ಇದೆ, ಹೆಸರು ನೋಯಾಕ್. ಎಣ್ಣೆಯನ್ನು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ, ಎಷ್ಟು ತೂಕ ಆರಿಹೋಯಿತು ಎಂದು ಅಳೆಯುತ್ತಾರೆ. ಎಪಿಐ ಎಸ್‌ಪಿ ಗುಣಮಟ್ಟದ 5ಡಬ್ಲ್ಯು-30 ಎಣ್ಣೆಗೆ ಮಿತಿ ಶೇ. 15. ಯುರೋಪಿನ ಎಸಿಇಎ ಸಿ3 ಎಣ್ಣೆಗೆ ಶೇ. 13. ಒಳ್ಳೆಯ ಬೇಸ್ ಆಯಿಲ್‌ನಿಂದ ಮಾಡಿದ ಎಣ್ಣೆಗಳು ಶೇ. 10ಕ್ಕಿಂತ ಕೆಳಗೂ ಇರುತ್ತವೆ. ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ನಿಂತ, ಒಂದೇ 5ಡಬ್ಲ್ಯು-30 ಬರೆದುಕೊಂಡ, ಎರಡೂ ‘ಫುಲ್ಲಿ ಸಿಂಥೆಟಿಕ್’ ಎನ್ನುವ ಎರಡು ಡಬ್ಬಗಳಲ್ಲಿ ಒಂದು ನೂರು ಗ್ರಾಮಿಗೆ ಹದಿನಾಲ್ಕು ಗ್ರಾಂ ಹೊಗೆಯಾಗಬಹುದು, ಇನ್ನೊಂದು ಎಂಟು ಗ್ರಾಂ. ಹೊರಗಿನಿಂದ ನೋಡಿದರೆ ನಿಮಗೆ ಗೊತ್ತಾಗುವುದಿಲ್ಲ. ಆ ಸಂಖ್ಯೆಯನ್ನು ಡಬ್ಬದ ಮೇಲೆ ಮುದ್ರಿಸುವ ರೂಢಿಯೇ ಇಲ್ಲ.

ನನ್ನ ತಕರಾರು ಇಲ್ಲಿದೆ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ನೂರು ಗ್ರಾಮಿಗೆ ಎಷ್ಟು ಕೊಬ್ಬು, ಎಷ್ಟು ಸಕ್ಕರೆ ಎಂದು ಹೇಳುತ್ತದೆ. ಆರೂವರೆ ಸಾವಿರದ ಎಣ್ಣೆ ಡಬ್ಬ ಚೆಕ್ಕರ್ ಬಾವುಟದ ಚಿತ್ರ ತೋರಿಸುತ್ತದೆ. ಸಂಖ್ಯೆ ಕಂಪನಿಗೆ ಗೊತ್ತಿಲ್ಲವೆಂದಲ್ಲ. ಪರೀಕ್ಷೆ ಮಾಡದೆ ಆ ಗುಣಮಟ್ಟದ ಮುದ್ರೆ ಸಿಗುವುದೇ ಇಲ್ಲ. ಗೊತ್ತಿದ್ದೂ ಹೇಳದಿರುವುದಕ್ಕೆ ನಾವು ಏನೆನ್ನಬೇಕು?

‘ಫುಲ್ಲಿ ಸಿಂಥೆಟಿಕ್’ ಎಂಬ ಮಾತನ್ನೇ ತೆಗೆದುಕೊಳ್ಳಿ. ಕಚ್ಚಾತೈಲವನ್ನೇ ತೀವ್ರವಾಗಿ ಸಂಸ್ಕರಿಸಿ ಮಾಡಿದ ಗ್ರೂಪ್ 3 ಎಣ್ಣೆಯನ್ನು ಸಿಂಥೆಟಿಕ್ ಅನ್ನಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್, ಕ್ಯಾಸ್ಟ್ರಾಲ್ ಮೇಲೆ ದೂರು ಕೊಟ್ಟಿತ್ತು. 1999ರಲ್ಲಿ ಅಲ್ಲಿನ ಜಾಹೀರಾತು ಸಂಸ್ಥೆ ‘ಅನ್ನಬಹುದು’ ಎಂದಿತು. ಅಲ್ಲಿಂದೀಚೆಗೆ ಅದು ಮಾರಾಟದ ಮಾತು. ಗ್ರೂಪ್ 3 ಎಣ್ಣೆಯಲ್ಲೂ ಒಳ್ಳೆಯವು ಇವೆ, ಅದು ಬೇರೆ ವಿಷಯ. ಆದರೆ ಆ ಎರಡು ಪದ ಓದಿ ಆವಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ಬೈಗುಳವನ್ನೆಲ್ಲ ಎಣ್ಣೆ ಕಂಪನಿಗಳಿಗೇ ಕೊಟ್ಟರೆ ಅನ್ಯಾಯವಾಗುತ್ತದೆ. ವಾಲ್ವಿನ ಮೇಲೂ ಪೆಟ್ರೋಲ್ ಚಿಮ್ಮಿಸುವ, ಸಿಲಿಂಡರಿಗೂ ನೇರ ಹಾಕುವ ಜೋಡಿ ವ್ಯವಸ್ಥೆಯನ್ನು ಟೊಯೊಟಾ ತನ್ನ ಡಿ-4ಎಸ್ ಇಂಜಿನ್ನಿನಲ್ಲಿ 2005ರಲ್ಲೇ ತಂದಿತು. ದಾರಿ ಇತ್ತು, ಗೊತ್ತೂ ಇತ್ತು. ಎರಡೆರಡು ಸಾಲು ಇಂಜೆಕ್ಟರ್ ಹಾಕಲು ಖರ್ಚು ಹೆಚ್ಚು. ಆ ಖರ್ಚನ್ನು ಉಳಿಸಿದವರು ಕಾರು ಮಾಡುವವರು, ವಾಲ್ವು ಉಜ್ಜಿಸಲು ಕೊಟ್ಟವನು ನಾನು: ₹18,000. ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು, ವ್ಯಾಕ್ಯೂಮಿನಲ್ಲಿ ಎಳೆಯುತ್ತಾರೆ. ಚಿಪ್ಪು ಲೋಹಕ್ಕಿಂತ ಮೆದು, ಕಾರ್ಬನ್ನನ್ನು ಕೀಳುವಷ್ಟು ಗಟ್ಟಿ. ಗಟ್ಟಿಯಾಗಿ ಕೂತ ಮೇಲೆ ನಂಬಬಹುದಾದ ಮದ್ದು ಇದೇ.

ನಾವೂ ಕಡಿಮೆಯವರಲ್ಲ. ವೇಗದ ಕಾರು ಕೊಂಡವರ ನಡುವೆ ಓಡಾಡುವ ನಂಬಿಕೆಗಳನ್ನು ನೋಡಿ. ದಪ್ಪ ಎಣ್ಣೆ ಹಾಕಿದರೆ ರಕ್ಷಣೆ ಹೆಚ್ಚು ಎಂದು 10ಡಬ್ಲ್ಯು-60 ಸುರಿಯುವವರಿದ್ದಾರೆ. ಬಿಎಂಡಬ್ಲ್ಯು ಎಂ3ಯ ಹಳೆಯ ಎಸ್54, ಎಸ್65 ಇಂಜಿನ್‌ಗಳಿಗೆ ಕಂಪನಿಯೇ ಆ ಎಣ್ಣೆ ಹೇಳಿದ್ದು ನಿಜ. ಅವು ಪೋರ್ಟ್ ಇಂಜೆಕ್ಷನ್ ಇಂಜಿನ್‌ಗಳು, ಅವುಗಳ ವಾಲ್ವನ್ನು ಪೆಟ್ರೋಲೇ ತೊಳೆಯುತ್ತಿತ್ತು. ಅವರ ಮದ್ದು ನಮ್ಮ ರೋಗಕ್ಕಲ್ಲ.

‘ಡೀಸೆಲ್ ಎಣ್ಣೆಯಲ್ಲಿ ಡಿಟರ್ಜೆಂಟ್ ಜಾಸ್ತಿ, ಅದನ್ನೇ ಹಾಕಿ’ ಎನ್ನುವವರು ಇನ್ನೂ ಅಪಾಯಕಾರಿ. ಆ ಡಿಟರ್ಜೆಂಟಿನಲ್ಲಿ ಬಹುಪಾಲು ಕ್ಯಾಲ್ಸಿಯಂ. ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನಿನಲ್ಲಿ ಕ್ಯಾಲ್ಸಿಯಂ ಹೆಚ್ಚಾದರೆ, ಕಡಿಮೆ ವೇಗದಲ್ಲಿ ಜೋರಾಗಿ ಒತ್ತಿದಾಗ ಸ್ಪಾರ್ಕ್ ಬರುವ ಮೊದಲೇ ಬೆಂಕಿ ಹತ್ತುವ ಸಂಭವ ಏರುತ್ತದೆ. ಪಿಸ್ಟನ್ನೇ ಒಡೆಯಬಹುದು. ಇದನ್ನು ತಡೆಯಲೆಂದೇ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಬಂದವು. ಕಾರ್ಬನ್ ಬಿಡಿಸಲು ಹೋಗಿ ಪಿಸ್ಟನ್ ಕಳೆದುಕೊಳ್ಳುವುದು ನೆಗಡಿಗೆ ಮೂಗು ಕೊಯ್ದಂತೆ.

ದುಬಾರಿ ಪೆಟ್ರೋಲು, ಬಾಟಲಿಯ ಅಡಿಟಿವ್? ಇಂಜೆಕ್ಟರಿಗೆ ಒಳ್ಳೆಯದು. ಆದರೆ ಪೆಟ್ರೋಲು ಮುಟ್ಟದ ಜಾಗವನ್ನು ಪೆಟ್ರೋಲಿನಲ್ಲಿ ಬೆರೆಸಿದ್ದು ತೊಳೆಯುವುದು ಹೇಗೆ? ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ರೆಡ್‌ಲೈನ್ ತನಕ ಎಳೆದರೂ ಇದೇ ಮಾತು. ಸಿಲಿಂಡರಿನ ಒಳಗೆ ಕೊಂಚ ಉರಿದುಹೋಗಬಹುದು, ವಾಲ್ವಿನ ಬೆನ್ನು ಹಾಗೇ ಇರುತ್ತದೆ.

ಹಾಗಾದರೆ ಎಣ್ಣೆ ಯಾವುದಾದರೂ ಒಂದೇ ಎಂದು ನಾನು ಹೇಳುತ್ತಿಲ್ಲ. ಪಿಸ್ಟನ್ ರಿಂಗಿನ ಗಾಡಿಗಳಲ್ಲಿ, ಟರ್ಬೊ ಬೇರಿಂಗಿನಲ್ಲಿ ಕೂರುವ ಕಾರ್ಬನ್ನಿಗೆ ಎಣ್ಣೆ ನೇರವಾಗಿ ಮುಟ್ಟುತ್ತದೆ. ಅಲ್ಲಿ ಒಳ್ಳೆಯ ಎಣ್ಣೆ ನಿಜಕ್ಕೂ ಕಾಪಾಡುತ್ತದೆ. ರಿಂಗು ಚೆನ್ನಾಗಿದ್ದರೆ ಕೆಳಗಿಳಿಯುವ ಅನಿಲ ಕಡಿಮೆ, ಅನಿಲ ಕಡಿಮೆಯಾದರೆ ವಾಲ್ವಿಗೆ ಹೋಗುವ ಜಿಡ್ಡೂ ಕಡಿಮೆ. ನೋಯಾಕ್ ಸಂಖ್ಯೆಯೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ, ಪಿಸಿವಿಯ ವಿನ್ಯಾಸ, ಓಡಿಸುವ ರೀತಿ ಎಲ್ಲ ಸೇರುತ್ತವೆ. ಎಣ್ಣೆ ಕಾರ್ಬನ್ನನ್ನು ತಡವಾಗಿಸಬಲ್ಲದು, ಇಲ್ಲವಾಗಿಸಲಾರದು. ‘ತಡ’ ಎನ್ನುವುದೂ ಸಣ್ಣ ಲಾಭವಲ್ಲ.

ನಾನೀಗ ಮಾಡುವುದು ಇಷ್ಟು. ಮೊದಲು ಕಾರಿನ ಕೈಪಿಡಿಯಲ್ಲಿರುವ ಅನುಮೋದನೆಯ ಸಂಖ್ಯೆ ನೋಡುತ್ತೇನೆ, ಉದಾಹರಣೆಗೆ ವಿಡಬ್ಲ್ಯು 504 00 ಅಥವಾ ಎಂಬಿ 229.5. ಡಬ್ಬದ ಬೆನ್ನಿನಲ್ಲಿ ‘ಅಪ್ರೂವ್ಡ್’ ಎಂದಿದೆಯೋ, ‘ಸೂಟಬಲ್ ಫಾರ್’ ಎಂದಿದೆಯೋ ಓದುತ್ತೇನೆ. ಮೊದಲನೆಯದು ಕಾರು ಕಂಪನಿ ಕೊಟ್ಟ ಒಪ್ಪಿಗೆ, ಎರಡನೆಯದು ಎಣ್ಣೆ ಕಂಪನಿಯ ಸ್ವಂತ ಮಾತು. ಒಪ್ಪಿಗೆ ಇರುವ ಎಣ್ಣೆಗಳಲ್ಲಿ ಎರಡು ಮೂರರ ಡೇಟಾ ಶೀಟ್ ಹುಡುಕಿ ಕಡಿಮೆ ನೋಯಾಕ್ ಇರುವುದನ್ನು ಕೊಳ್ಳುತ್ತೇನೆ. ಶೀಟಿನಲ್ಲಿ ಆ ಸಾಲೇ ಇಲ್ಲದಿದ್ದರೆ ಆ ಎಣ್ಣೆ ಬೇಡ. ಕೈಪಿಡಿ 15,000 ಕಿ.ಮೀ. ಅಂದರೂ, ನಗರದ ಜಾಮಿನಲ್ಲೇ ದಿನ ಕಳೆಯುವ ಕಾರಿಗೆ ಅದರ ಅರ್ಧಕ್ಕೇ ಬದಲಿಸುತ್ತೇನೆ. ಡಿಪ್‌ಸ್ಟಿಕ್ಕಿನ ಮೇಲ್ಗೆರೆ ದಾಟಿ ಎಣ್ಣೆ ತುಂಬಲು ಬಿಡುವುದಿಲ್ಲ, ಹೆಚ್ಚಾದ ಎಣ್ಣೆ ತುಂತುರಾಗಿ ಹೋಗುವುದು ಅದೇ ವಾಲ್ವಿಗೆ.

‘ಸಾಮಾನ್ಯ ಜನಕ್ಕೆ ಇಷ್ಟೆಲ್ಲ ಯಾಕೆ, ಕಂಪನಿ ಹೇಳಿದ್ದು ಹಾಕಿದರೆ ಸಾಲದೇ’ ಎಂದು ಕೇಳುವವರಿದ್ದಾರೆ. ವಾರಂಟಿ ಮುಗಿಯುವ ತನಕ ಸಾಕು. ನಮ್ಮಲ್ಲಿ ಹೆಚ್ಚಿನವರು ಕಾರನ್ನು ಇಟ್ಟುಕೊಳ್ಳುವುದು ಅದಕ್ಕಿಂತ ಎಷ್ಟೋ ವರ್ಷ ಹೆಚ್ಚು, ಕಂತು ಮುಗಿದ ಮೇಲೇ ಅಲ್ಲವೇ ಅದು ನಮ್ಮದು ಅನ್ನಿಸುವುದು. ವಾಲ್ವು ಮುಚ್ಚಿಕೊಳ್ಳುವುದೂ ಹೆಚ್ಚಾಗಿ ಆ ವರ್ಷಗಳಲ್ಲೇ.

ನೀವು ಚೆನ್ನೈಯಲ್ಲಿರಿ, ದೆಹಲಿಯಲ್ಲಿರಿ, ಮುಂದಿನ ಸಲ ಎಣ್ಣೆ ಕೊಳ್ಳುವಾಗ ಅಂಗಡಿಯವರನ್ನು ಕೇಳಿ: “ಇದರ ನೋಯಾಕ್ ಎಷ್ಟು?” ಅವರಿಗೆ ಗೊತ್ತಿರುವುದಿಲ್ಲ, ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ. ಡಬ್ಬದ ಮೇಲಿನ ಗ್ರಾಹಕ ಸೇವೆಯ ನಂಬರಿಗೂ ಫೋನ್ ಮಾಡಿ ಅದನ್ನೇ ಕೇಳಿ. ಹತ್ತು ಜನ ಕೇಳಿದರೆ ತಲೆಹರಟೆ ಅನ್ನುತ್ತಾರೆ, ಹತ್ತು ಸಾವಿರ ಜನ ಕೇಳಿದರೆ ಡಬ್ಬದ ಮೇಲೆ ಮುದ್ರಿಸುತ್ತಾರೆ.