ಹಳೆಯ ಕಾರಿಗೆ ಹೊಸ ಬಣ್ಣ ಬೇಕೆ?

ಹಳೆಯ ಕಾರುಗಳ ಮೆರವಣಿಗೆ ನಡೆದಾಗಲೆಲ್ಲ ಜನರು ಮುತ್ತುವುದು ಎಲ್ಲಕ್ಕಿಂತ ಹೆಚ್ಚಾಗಿ ಹೊಳೆಯುವ ಗಾಡಿಯನ್ನು. ಪಕ್ಕದಲ್ಲಿ ಬಣ್ಣ ಮಾಸಿ ನಿಂತಿರುವ ಗಾಡಿಯನ್ನು ಕಂಡವರು, ‘ಪಾಪ, ಇದಕ್ಕೂ ಒಂದಿಷ್ಟು ಬಣ್ಣ ಹೊಡೆಸಬಾರದಿತ್ತೆ?’ ಎಂದು ಮುಂದೆ ಸಾಗುವರು. ಇವೆರಡರಲ್ಲಿ ಹೆಚ್ಚು ಬೆಲೆಯುಳ್ಳದ್ದು ಆ ಮಾಸಿದ ಗಾಡಿಯೇ ಆಗಿರಬಹುದೆಂಬುದು ನಮ್ಮ ಅಭಿಪ್ರಾಯ. ಏಕೆಂಬುದನ್ನು ವಿದ್ಯಾರ್ಥಿಮಿತ್ರರ ಮುಂದಿಡುತ್ತೇವೆ.

ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರನ್ನೇ ತೆಗೆದುಕೊಳ್ಳೋಣ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಈ ಗಾಡಿಗೆ ಕಪ್ಪಲ್ಲದೆ ಬೇರೆ ಬಣ್ಣವೇ ಇರಲಿಲ್ಲವೆಂದು ಬಹುಮಂದಿ ನಂಬಿದ್ದಾರೆ. ನಿಜಸಂಗತಿ ಬೇರೆ. ಮೊದಲ ವರ್ಷಗಳಲ್ಲಿ ಅದು ಬೂದು, ಹಸಿರು, ಕೆಂಪು ಮುಂತಾದ ಬಣ್ಣಗಳಲ್ಲಿ ಹೊರಬರುತ್ತಿತ್ತು. ಕಪ್ಪೊಂದೇ ಉಳಿದದ್ದು 1914ರಿಂದ 1925ರವರೆಗೆ. ಡಾಂಬರಿನ ಜಾತಿಯ ದ್ರವ್ಯ ಬೆರೆತ ಆ ಕಪ್ಪು ಬಣ್ಣವು ಅಗ್ಗವೂ ಬಾಳಿಕೆಯುಳ್ಳದ್ದೂ ಆಗಿದ್ದಿತು. ಈಗ 1910ರ ಗಾಡಿಯೊಂದನ್ನು ಪಡೆದ ಉತ್ಸಾಹಿಯೊಬ್ಬನು ಜನರ ಮಾತನ್ನು ನಂಬಿ, ಹಳೆಯ ಬಣ್ಣವನ್ನೆಲ್ಲ ಕೆರೆಸಿ, ಮಿರಮಿರನೆ ಮಿಂಚುವ ಕಪ್ಪನ್ನು ಬಳಿಸಿದನೆನ್ನಿ. ನೋಡಿದವರು ಮೆಚ್ಚಬಹುದು; ಆದರೆ ಆ ಗಾಡಿ ಅಂದಿನಿಂದ ಸುಳ್ಳು ಹೇಳತೊಡಗುವುದು. ಆ ಸುಳ್ಳನ್ನು ತಿದ್ದಬಲ್ಲ ಸಾಕ್ಷಿಯಾಗಿದ್ದ ಹಳೆಯ ಪದರವು ಧೂಳಾಗಿ ಗುಡಿಸಿಹೋಗಿರುವುದು.

ಬಣ್ಣವು ಬರಿಯ ಅಲಂಕಾರವಲ್ಲ. ಅದು ತನ್ನ ಕಾಲದ ರಸಾಯನಶಾಸ್ತ್ರದ ದಾಖಲೆ. ಮೊದಮೊದಲು ಕುದುರೆಗಾಡಿಗಳಿಗೆ ಬಳಿಯುತ್ತಿದ್ದಂತೆಯೇ ಕಾರುಗಳಿಗೂ ಎಣ್ಣೆಬಣ್ಣ, ವಾರ್ನಿಷುಗಳನ್ನು ಪದರ ಪದರವಾಗಿ ಬಳಿಯುತ್ತಿದ್ದರು. ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವ ಕ್ರಿಯೆ ನಿಧಾನವಾದುದರಿಂದ ಒಂದು ಗಾಡಿ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಡುಪಾಂಟ್ ಕಂಪನಿಯ ‘ಡ್ಯೂಕೊ’ ಎಂಬ ನೈಟ್ರೊಸೆಲ್ಯುಲೋಸ್ ಮೆರುಗೆಣ್ಣೆ ಕಾರುಗಳ ಮೈಗೆ ಬಂದಿತು. ಇದರಲ್ಲಿ ದ್ರಾವಕವು ಆವಿಯಾಗಿ ಹೋದರೆ ಸಾಕು, ಬಣ್ಣ ಗಟ್ಟಿಯಾಗುವುದು. ವಾರಗಟ್ಟಲೆ ಕಾಯುವ ಕಷ್ಟ ತಪ್ಪಿತು. ಬಾಗಿಲ ಸಂದಿನಲ್ಲಿ ಉಳಿದ ಉಗುರಗಲದ ಬಣ್ಣವೂ ಈ ಕಥೆಯನ್ನು ತಿಳಿದವರಿಗೆ ಹೇಳಬಲ್ಲುದು.

ಮಾಸಿದ ಬಣ್ಣವೆಲ್ಲ ಸತ್ತ ಬಣ್ಣವೂ ಅಲ್ಲ. ಮೇಲ್ಮೈ ನುಣುಪಾಗಿದ್ದರೆ ಬೆಳಕು ಒಂದೇ ದಿಕ್ಕಿಗೆ ಪ್ರತಿಫಲಿಸಿ ಹೊಳಪು ಕಾಣುವುದು. ಬಿಸಿಲಿಗೂ ಧೂಳಿಗೂ ಸಿಕ್ಕಿ ಒರಟಾದರೆ ಬೆಳಕು ಚದರಿ ಮಬ್ಬು ತೋರುವುದು. ಅನೇಕ ವೇಳೆ ಎಚ್ಚರದಿಂದ ಪಾಲಿಶ್ ಮಾಡಿ ತೀರ ತೆಳುವಾದ ಒಂದು ಪದರವನ್ನು ತೆಗೆದರೆ ಸಾಕು, ಮೊದಲಿನ ಬಣ್ಣವೇ ಮತ್ತೆ ಬೆಳಗುವುದು.

ಹಾಗಾದರೆ ತುಕ್ಕನ್ನೂ ಕಾಪಾಡಬೇಕೆ? ಖಂಡಿತ ಬೇಡ. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಒಟ್ಟಿಗೆ ಸೋಕಿದೆಡೆ ತುಕ್ಕು ಹುಟ್ಟುವುದು. ಕರಾವಳಿಯ ಉಪ್ಪುಗಾಳಿಯಲ್ಲಿ ಅದರ ವೇಗ ಇನ್ನೂ ಹೆಚ್ಚು. ತಾನು ತಿಂದ ಕಬ್ಬಿಣಕ್ಕಿಂತ ತುಕ್ಕು ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸಿ, ಇನ್ನಷ್ಟು ನೀರಿಗೆ ದಾರಿ ಮಾಡಿಕೊಡುವುದು. ಅಂಥಲ್ಲಿ ಲೋಹದವರೆಗೂ ಕೆರೆದು, ಸತುವಿನ ಪುಡಿ ತುಂಬಿದ ಪ್ರೈಮರ್ ಬಳಿಯುವುದು ಒಳ್ಳೆಯ ಉಪಾಯ. ಕಬ್ಬಿಣಕ್ಕಿಂತ ಮೊದಲು ಸತುವೇ ಸವೆದು ಅದನ್ನು ಕಾಯುವುದು. ವಿದ್ಯುತ್ಕೋಶದ ಪಾಠ ಇಲ್ಲಿ ಕೆಲಸಕ್ಕೆ ಬರುವುದು. ನಮ್ಮ ಆಕ್ಷೇಪವಿರುವುದು ಚಿಕಿತ್ಸೆಯ ಮೇಲಲ್ಲ. ಬೆರಳಿನ ಹುಣ್ಣಿಗೆ ಮೈಯ ಚರ್ಮವನ್ನೆಲ್ಲ ಸುಲಿಯುವ ಪದ್ಧತಿಯ ಮೇಲೆ.

ಎಲ್ಲಿ ಕೆರೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅರಿಯಲು ಒಂದು ಚಿಕ್ಕ ಅಯಸ್ಕಾಂತವೂ ನೆರವಾಗುವುದು. ಅದಕ್ಕೆ ಮೆತ್ತನೆಯ ಬಟ್ಟೆ ಸುತ್ತಿ ಉಕ್ಕಿನ ಮೈಮೇಲೆ ಅಲ್ಲಲ್ಲಿ ಇಟ್ಟು ನೋಡಿರಿ. ಬಣ್ಣ ತೆಳುವಾಗಿರುವಲ್ಲಿ ಅದು ಬಿಗಿಯಾಗಿ ಹಿಡಿಯುವುದು. ತಗ್ಗಿಗೆ ಯಾರೋ ಪುಟ್ಟಿ ಮೆತ್ತಿ ಮುಚ್ಚಿರುವಲ್ಲಿ ಹಿಡಿತ ಸಡಿಲವಾಗುವುದು. ಅಲ್ಯುಮಿನಿಯಂ ಮೈಯ ಗಾಡಿಗೆ ಮಾತ್ರ ಈ ಪರೀಕ್ಷೆ ಸಲ್ಲದು. ಹೀಗೆ ಪರೀಕ್ಷಿಸಿ, ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆದು, ಕಂಡ ಬಣ್ಣಗಳನ್ನು ಬರೆದಿಟ್ಟ ಮೇಲೆಯೇ ಮುಂದಿನ ಕೆಲಸ.

ಇನ್ನೊಂದು ಎಚ್ಚರಿಕೆಯ ಮಾತುಂಟು. ಹಳೆಯ ಬಣ್ಣಗಳಲ್ಲಿ ಸೀಸವಿರುವುದು ಸಾಮಾನ್ಯ. ಒಣ ಬಣ್ಣವನ್ನು ಮರಳುಕಾಗದದಿಂದ ಉಜ್ಜಿದರೆ ಆ ಧೂಳು ಉಸಿರಿನೊಡನೆ ಒಳಹೊಗುವುದು. ಸೀಸವು ನರಮಂಡಲವನ್ನು, ಅದರಲ್ಲಿಯೂ ಎಳೆಯರ ಮಿದುಳನ್ನು, ಕೆಡಿಸುವ ವಿಷ. ಗ್ಯಾರೇಜುಗಳಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಣ್ಣ ಉಜ್ಜುವ ಹುಡುಗರನ್ನು ನಾವೆಲ್ಲರೂ ಕಂಡಿದ್ದೇವೆ. ಅವರಲ್ಲಿ ಕೆಲವರು ನಿಮ್ಮ ವಯಸ್ಸಿನವರೇ. ಆ ಸೂಕ್ಷ್ಮ ಧೂಳನ್ನು ಕರವಸ್ತ್ರವು ತಡೆಯಲಾರದು. ತಕ್ಕ ಮುಖವಾಡ ಬೇಕು. ನೀರು ಹಾಕಿಯೇ ಉಜ್ಜಬೇಕು. ತೊಳೆದ ನೀರನ್ನು ಚರಂಡಿಗೆ ಬಿಡಬಾರದು. ಕೆರೆಯದೆ ಉಳಿಸಿದ ಒಂದೊಂದು ಅಂಗುಲವೂ ಆ ಹುಡುಗರಿಗೆ ಮಾಡಿದ ಉಪಕಾರವೇ ಸರಿ.

‘ಗಾಡಿ ನನ್ನದು, ಬಣ್ಣ ನನ್ನಿಷ್ಟ’ ಎಂದು ಮಾಲೀಕನು ಹೇಳಬಹುದು. ಅವನ ಹಕ್ಕನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 2021ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮಗಳು, ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲರೂಪದಲ್ಲಿಯೇ ಉಳಿಸಿಕೊಂಡುಬಂದ ವಾಹನಗಳನ್ನು ‘ವಿಂಟೇಜ್’ ಎಂದು ಪರಿಗಣಿಸುತ್ತವೆ. ಚಾಸಿ, ಬಾಡಿ, ಎಂಜಿನುಗಳನ್ನು ಗಣನೀಯವಾಗಿ ಮಾರ್ಪಡಿಸಿದವು ಈ ಗುಂಪಿಗೆ ಸೇರವು. ಮೂಲರೂಪವೆಂಬ ಮಾತಿನಲ್ಲಿ ಬಣ್ಣವನ್ನೂ ಸೇರಿಸಿಕೊಳ್ಳುವುದು ಯುಕ್ತವೆಂದು ನಮಗೆ ತೋರುತ್ತದೆ.

ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹಾಲಯಕ್ಕೋ ನಿಮ್ಮೂರಿನ ಮೆರವಣಿಗೆಗೋ ಹೋದಾಗ, ಹೊಳೆಯುವ ಗಾಡಿಯನ್ನು ನೋಡಿದ ಮೇಲೆ ಮಾಸಿದ ಗಾಡಿಯ ಬಳಿಯೂ ಒಂದು ಗಳಿಗೆ ನಿಲ್ಲಿರಿ. ಹೊಸ ಬಣ್ಣವನ್ನು ನಾಳೆಯೂ ಬಳಿಯಬಹುದು. ಕೆರೆದುಹಾಕಿದ ಮೊದಲ ಬಣ್ಣವನ್ನು ಯಾವ ಪ್ರಯೋಗಶಾಲೆಯೂ ಮರಳಿ ತರಲಾರದು.